ಕಾಲು ಅಟ್ಟೆ, ಎಂಟನೇ ಒಂದು

ಉಡುಪಿ ಜಿಲ್ಲೆಯ ಶಂಕರಪುರ ಕಡೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಪಾಠಕ್ಕೆ ಮೊದಲು ಮಕ್ಕಳ ಪೂರ್ವಜ್ಞಾನ ಕೇಳಿ ಎನ್ನುತ್ತಾರೆ. ಐದನೇ ತರಗತಿಯಲ್ಲಿ 'ಭಿನ್ನರಾಶಿ ಬಗ್ಗೆ ಏನು ಗೊತ್ತು?' ಎಂದರೆ ಇಬ್ಬರು ಉತ್ತರಿಸುತ್ತಾರೆ, ಉಳಿದವರು ನೆಲ ನೋಡುತ್ತಾರೆ. 40 ನಿಮಿಷದಲ್ಲಿ ಹತ್ತು ಹೀಗೇ ಹೋದರೆ ಪಾಠ ಮುಗಿಸುವುದು ಯಾವಾಗ?"

ಟೀಚರ್, ತೊಡಕಿರುವುದು ಪ್ರಶ್ನೆಯಲ್ಲಿ. 'ಏನು ಗೊತ್ತು' ಎಂದು ಕೇಳಿದರೆ ವ್ಯಾಖ್ಯೆ ಬಾಯಿಪಾಠ ಇದ್ದವರೇ ಕೈ ಎತ್ತುವುದು. ನಿಮ್ಮೂರ ಮಕ್ಕಳ ಲೆಕ್ಕ ಇರುವುದು ಮಲ್ಲಿಗೆ ಕಟ್ಟುವ ಜಗಲಿಯಲ್ಲಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಾಲು ಅಟ್ಟೆಗೆ ಎಷ್ಟು ಹೂ ಎಂದು ಕೇಳಿ. ಉತ್ತರ ತುಳುವಿನಲ್ಲಿ ಬಂದರೂ ತಿದ್ದಲು ಹೋಗಬೇಡಿ.

ಆದರೆ ಇಷ್ಟಕ್ಕೇ ನಿಲ್ಲಿಸಿ ಪುಸ್ತಕ ತೆರೆದರೆ ಕೇಳಲು ಕಳೆದ ಸಮಯ ದಂಡ. ಕಲಿಕೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮಗುವಿಗೆ ಮೊದಲೇ ತಿಳಿದಿರುವುದು ಎಂದು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಆಸುಬೆಲ್ 1968ರಲ್ಲಿ ಬರೆದರು; ಅದನ್ನು ಕಂಡುಕೊಂಡು ಅದರಂತೆ ಕಲಿಸಿ ಎಂದೂ ಸೇರಿಸಿದರು. ತರಬೇತಿಗಳಲ್ಲಿ ಈ ಎರಡನೇ ಮಾತು ಎಲ್ಲೋ ಉದುರಿಹೋಗುತ್ತದೆ.

ಮುಂದಿನ ಪೀರಿಯಡ್ಡಿನಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಪ್ರಶ್ನೆ ಒಂದೇ: 1/4 ದೊಡ್ಡದೋ, 1/8 ದೊಡ್ಡದೋ, ಯಾಕೆ? ಆರು ನಿಮಿಷ ಸಾಕು. ಊಟದ ಬಿಡುವಿನಲ್ಲಿ ಮೂರು ಕಟ್ಟು ಮಾಡಿ: ಉತ್ತರವೂ ಕಾರಣವೂ ಸರಿ, ಉತ್ತರ ಮಾತ್ರ ಸರಿ, ತಪ್ಪು. ಮೂರನೇ ಕಟ್ಟಿನಲ್ಲಿ 'ನಾಲ್ಕಕ್ಕಿಂತ ಎಂಟು ದೊಡ್ಡದು' ಎಂಬ ಕಾರಣ ಮತ್ತೆ ಮತ್ತೆ ಸಿಗುತ್ತದೆ. ಇದೂ ಪೂರ್ವಜ್ಞಾನವೇ. ಒಂದನೇ ತರಗತಿಯಿಂದ ನಾವೇ ಕಲಿಸಿದ ಪೂರ್ಣಸಂಖ್ಯೆಯ ನಿಯಮವನ್ನು ಮಗು ನಿಷ್ಠೆಯಿಂದ ಛೇದಕ್ಕೂ ಹಚ್ಚಿದೆ. 'ತಪ್ಪು' ಎಂದು ಗೀಟು ಎಳೆದರೆ ಆ ನಿಯಮ ಅಲ್ಲಾಡುವುದಿಲ್ಲ. ಅಟ್ಟೆಯನ್ನು ಎಂಟು ಪಾಲು ಮಾಡಲು ಹೇಳಿ. ಪಾಲಿಗೆ ಅರ್ಧ ಚೆಂಡು, 400 ಹೂ. ನಾಲ್ಕು ಪಾಲು ಮಾಡಿದರೆ 800. ಪಾಲು ಹೆಚ್ಚಿದರೆ ಕೈಗೆ ಬರುವುದು ಕಡಿಮೆ ಎಂದು ಅವರೇ ಹೇಳುವ ತನಕ ನೀವು ಹೇಳಬೇಡಿ.

ಹಾಗೆಂದು ಹೂವಿನಲ್ಲೇ ಕೂತರೆ ಇನ್ನೊಂದು ಪೇಚು. ಭಿನ್ನರಾಶಿ ಎಂದರೆ ಎಣಿಸುವ ವಸ್ತು ಎಂದಾಗುತ್ತದೆ. 3200 ಹೂವನ್ನು ಮೂರು ಪಾಲು ಮಾಡಿದರೆ ಎರಡು ಹೂ ಉಳಿಯುತ್ತವೆ, 1/3 ಇಲ್ಲವೇ ಇಲ್ಲ ಎಂದುಕೊಂಡಾರು. ಎರಡನೇ ದಿನವೇ 32 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕೊಡಿ, ಸೆಂಟಿಮೀಟರಿಗೆ ನೂರು ಹೂ. ಮಡಿಸಿದರೆ ಕಾಲು 8, ಎಂಟನೇ ಒಂದು 4 ಸೆಂ.ಮೀ. ಮೂರು ಸಮಪಾಲಾಗಿ ಮಡಿಸಿ 1/3 ತೋರಿಸಲು ಸ್ಕೇಲೇ ಬೇಡ.

ಹೊರಜಿಲ್ಲೆಯಿಂದ ಕೆಲಸಕ್ಕೆ ಬಂದವರ ಮಕ್ಕಳಿಗೆ ಅಟ್ಟೆ ಗೊತ್ತಿರಲಿಕ್ಕಿಲ್ಲ. ಅವರಿಗೆ ರೊಟ್ಟಿ, ಮೊಳ, ಏನು ಸಲೀಸೋ ಅದು. ಪಟ್ಟಿ ಎಲ್ಲರಿಗೂ ಒಂದೇ.

ಚೀಟಿಗಳನ್ನು ಬಿಸಾಡಬೇಡಿ. ವಾರ ಬಿಟ್ಟು 1/5, 1/9 ಹಾಕಿ ಅದೇ ಪ್ರಶ್ನೆ ಕೇಳಿ. ಹೊಸ ಚೀಟಿಯನ್ನು ಹಳೆಯದರ ಪಕ್ಕ ಇಟ್ಟು ಕಾರಣದ ಸಾಲನ್ನಷ್ಟೇ ಓದಿ.