ಓದುಗರ ಪ್ರಶ್ನೆ: ಮಳೆಗಾಲದ ಫ್ಲಕ್ಸ್ ಮತ್ತು ಬೀಡಿನ ಮೇಲಿನ ಕುಳಿಗಳು

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಫ್ಯಾಬ್ರಿಕೇಶನ್ ಘಟಕವಿದೆ. ಐಎಸ್ 2062 ಉಕ್ಕಿನ ಪ್ಲೇಟಿನಿಂದ ಗೋದಾಮುಗಳ ಬೀಮುಗಳನ್ನು ಸಬ್‌ಮರ್ಜ್ಡ್ ಆರ್ಕ್ ವೆಲ್ಡಿಂಗ್ (ಫ್ಲಕ್ಸ್ ಎಂಬ ಖನಿಜ ಪುಡಿಯ ರಾಶಿಯ ಅಡಿಯಲ್ಲಿ ವಿದ್ಯುತ್ ಆರ್ಕಿನಿಂದ ಬೆಸೆಯುವ ವಿಧಾನ) ಮೂಲಕ ತಯಾರಿಸುತ್ತೇವೆ. ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ಬೀಡು (ಬೆಸುಗೆಯ ಲೋಹದ ಪಟ್ಟಿ) ಮಳೆ ಹಿಡಿದ ಮೇಲೆ ಕೆಟ್ಟಿದೆ. ಫ್ಲಕ್ಸ್ ಕರಗಿ ಗಟ್ಟಿಯಾದ ಸ್ಲ್ಯಾಗ್ ತೆಗೆದರೆ ಮೇಲೆ ಉದ್ದುದ್ದನೆಯ ಕುಳಿಗಳು ಕಾಣುತ್ತವೆ. ಪ್ಲೇಟಿನ ತುಕ್ಕೇ ಕಾರಣವೆಂದು ಫ್ಲಕ್ಸ್ ಮಾರಿದವರು ಹೇಳುತ್ತಾರೆ. ಫ್ಲಕ್ಸನ್ನು ನಾವು ತಗಡಿನ ಮೇಲೆ ಹರವಿ ಬಿಸಿಲಿಗೆ ಒಣಗಿಸಿಯೇ ಬಳಸುತ್ತೇವೆ. ತಪ್ಪು ಎಲ್ಲಿದೆ?

ಉತ್ತರ: ಎರೆಹುಳು ಹರಿದ ಜಾಡಿನಂತೆ ಆಳವಿಲ್ಲದೆ ಉದ್ದಕ್ಕೆ ಚಾಚಿಕೊಂಡಿರುವ, ತಳ ನುಣುಪಾಗಿರುವ ಇಂಥ ಕುಳಿಗಳು ಅನಿಲದ ಗುರುತುಗಳು. ಹೊರಬಿದ್ದ ಅನಿಲ ಮೇಲಿನ ಸ್ಲ್ಯಾಗಿನ ಪದರವನ್ನು ದಾಟಲಾರದೆ, ಇನ್ನೂ ಗಟ್ಟಿಯಾಗದ ಲೋಹವನ್ನು ಕೆಳಕ್ಕೆ ಒತ್ತಿ ಅಲ್ಲಿಯೇ ಉಳಿದಾಗ ಅವು ಮೂಡುತ್ತವೆ. ಆ ಅನಿಲ ಫ್ಲಕ್ಸಿನ ತೇವದಿಂದಲೂ ಬರಬಹುದು, ತುಕ್ಕಿನಿಂದಲೂ ಬರಬಹುದು. ತುಕ್ಕು ತನ್ನೊಳಗೆ ನೀರನ್ನು ಹಿಡಿದಿಟ್ಟುಕೊಂಡಿರುವುದರಿಂದ ಮಾರಾಟಗಾರರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಬಿಸಿಲಿನಲ್ಲಿ ಒಣಗಿಸುತ್ತೇವೆಂಬ ತಮ್ಮ ಮಾತನ್ನು ಓದಿದ ಮೇಲೆ ನನ್ನ ಮೊದಲ ಸಂಶಯ ಫ್ಲಕ್ಸಿನ ಮೇಲೆಯೇ ಇದೆ.

ಮಾರುಕಟ್ಟೆಯಲ್ಲಿ ಸಿಗುವ ಫ್ಲಕ್ಸುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಖನಿಜಗಳನ್ನು ಕುಲುಮೆಯಲ್ಲಿ ಪೂರ್ತಿ ಕರಗಿಸಿ, ತಣಿಸಿ, ಪುಡಿಮಾಡಿದ ಫ್ಯೂಸ್ಡ್ ಫ್ಲಕ್ಸಿನ ಕಣಗಳು ಗಾಜಿನಂತಿರುವುದರಿಂದ ತೇವ ಅವುಗಳ ಮೇಲ್ಮೈಗಷ್ಟೇ ಅಂಟುತ್ತದೆ. ನಮ್ಮ ಕಡೆ ಈಗ ಹೆಚ್ಚಾಗಿ ಬಳಕೆಯಲ್ಲಿರುವ ಅಗ್ಲೋಮರೇಟೆಡ್ ಫ್ಲಕ್ಸಿನಲ್ಲಿ ನುಣುಪಾದ ಪುಡಿಗಳನ್ನು ಸೋಡಿಯಂ ಅಥವಾ ಪೊಟ್ಯಾಸಿಯಂ ಸಿಲಿಕೇಟಿನಿಂದ ಕೂಡಿಸಿ, ಉಂಡೆಕಟ್ಟಿಸಿ, ಸುಟ್ಟಿರುತ್ತಾರೆ. ಮ್ಯಾಂಗನೀಸ್, ಸಿಲಿಕಾನ್‌ಗಳನ್ನು ಲೋಹರೂಪದಲ್ಲಿಯೇ ಬೆರೆಸಲು ಈ ವಿಧಾನ ಅನುಕೂಲ. ಆದರೆ ಕಣದ ಒಳಗೆಲ್ಲ ಸಣ್ಣ ಸಂದುಗಳು ಉಳಿಯುತ್ತವೆ ಮತ್ತು ಸಿಲಿಕೇಟಿನ ಅಂಟು ಗಾಳಿಯ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಹೀಗೆ ಒಳಸೇರಿದ ನೀರು ಬಿಸಿಲಿಗೆ ಹೋಗುವುದಿಲ್ಲ. ಮಲೆನಾಡಿನ ಅಂಚಿನಲ್ಲಿರುವ ಹುಬ್ಬಳ್ಳಿ-ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಕ್ಸನ್ನು ತೆರೆದ ತಗಡಿನ ಮೇಲೆ ಹರವಿದರೆ ಅದು ಒಣಗುವುದಕ್ಕಿಂತ ತೇವ ಕುಡಿಯುವುದೇ ಹೆಚ್ಚು.

ಅಗ್ಲೋಮರೇಟೆಡ್ ಫ್ಲಕ್ಸನ್ನು ಓವನ್ನಿನ ಟ್ರೇಗಳಲ್ಲಿ ತೆಳುವಾಗಿ, ಎರಡು ಇಂಚಿಗಿಂತ ದಪ್ಪವಾಗದಂತೆ ಹರವಿ, ಸಾಮಾನ್ಯವಾಗಿ 300ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಕಾಯಿಸಬೇಕು. ಚೀಲದ ಮೇಲೆ ತಯಾರಕರು ಬೇರೆ ಉಷ್ಣತೆ ಹೇಳಿದ್ದರೆ ಅದನ್ನೇ ಪಾಲಿಸಿ. ಎರಡು ಗಂಟೆಯ ಲೆಕ್ಕ ಶುರುವಾಗಬೇಕಾದದ್ದು ಫ್ಲಕ್ಸ್ ಆ ಉಷ್ಣತೆಗೆ ಏರಿದ ಮೇಲೆ, ಓವನ್ನಿನ ಸ್ವಿಚ್ ಹಾಕಿದ ಹೊತ್ತಿನಿಂದಲ್ಲ. ನಂತರ ಬಳಸುವವರೆಗೆ 100ರಿಂದ 150 ಡಿಗ್ರಿಯಲ್ಲಿ ಬೆಚ್ಚಗಿಡಬೇಕು. ಗ್ಯಾಸ್ ಟಾರ್ಚಿನ ಉರಿಯನ್ನು ನೇರವಾಗಿ ಫ್ಲಕ್ಸಿನ ಮೇಲೆ ಹಿಡಿಯುವ ರೂಢಿಯನ್ನು ದಯವಿಟ್ಟು ಬಿಡಿ. ಗ್ಯಾಸ್ ಉರಿಯುವಾಗ ನೀರಾವಿಯೇ ಹುಟ್ಟುತ್ತದೆ, ಮೇಲಿನ ಕಣಗಳು ಸುಟ್ಟು ಕೆಳಗಿನವು ಹಸಿಯಾಗಿಯೇ ಉಳಿಯುತ್ತವೆ.

ಇಷ್ಟಾದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ಒಂದೇ ಪ್ಲೇಟಿನ ಎರಡು ತುಂಡುಗಳನ್ನು ಗ್ರೈಂಡರಿನಿಂದ ಬೆಳ್ಳಗೆ ಹೊಳೆಯುವಂತೆ ಉಜ್ಜಿ, ಒಂದರ ಮೇಲೆ ಈಗಿನ ಫ್ಲಕ್ಸಿನಿಂದಲೂ ಇನ್ನೊಂದರ ಮೇಲೆ ಓವನ್ನಿನಲ್ಲಿ ಕಾಯಿಸಿದ ಫ್ಲಕ್ಸಿನಿಂದಲೂ, ಕರೆಂಟ್, ವೋಲ್ಟೇಜ್, ವೇಗ ಯಾವುದನ್ನೂ ಬದಲಿಸದೆ ಒಂದೊಂದು ಬೀಡು ಹಾಕಿ. ಮೊದಲನೆಯದರಲ್ಲಿ ಮಾತ್ರ ಕುಳಿ ಬಂದರೆ ಕಾರಣ ತೇವ. ಎರಡರಲ್ಲೂ ಬಾರದೆ, ಉಜ್ಜದ ಪ್ಲೇಟಿನಲ್ಲಿ ಮಾತ್ರ ಬಂದರೆ ತುಕ್ಕು ಅಥವಾ ಮಿಲ್ ಸ್ಕೇಲ್ (ಪ್ಲೇಟ್ ತಯಾರಾಗುವಾಗ ಮೇಲೆ ಕೂರುವ ಆಕ್ಸೈಡ್ ಪದರ) ಕಾರಣ. ಎರಡರಲ್ಲೂ ಬಂದರೆ ಹಾಪರಿನಲ್ಲಿರುವ (ಬೆಸುಗೆಗೆ ಫ್ಲಕ್ಸ್ ಸುರಿಯುವ ಡಬ್ಬಿ) ಫ್ಲಕ್ಸನ್ನು ಜರಡಿ ಹಿಡಿದು ನೋಡಿ. ನುಣುಪು ಪುಡಿ ಹೆಚ್ಚಾಗಿದ್ದರೂ, ಆರ್ಕಿನ ಮೇಲೆ ಫ್ಲಕ್ಸಿನ ರಾಶಿ ಅತಿಯಾಗಿದ್ದರೂ ಅನಿಲಕ್ಕೆ ದಾರಿ ಸಿಗುವುದಿಲ್ಲ. ಆರ್ಕಿನ ಬೆಳಕು ಹೊರಗೆ ಮಿಂಚದಷ್ಟು ಎತ್ತರವಿದ್ದರೆ ಸಾಕು.

ಕುಳಿಯನ್ನು ಗ್ರೈಂಡ್ ಮಾಡಿ ಮತ್ತೆ ತುಂಬಬಹುದು. ಆದರೆ ಅದೇ ತೇವದಿಂದ ಲೋಹದೊಳಗೆ ಸೇರುವ ಜಲಜನಕ ದಪ್ಪ ಪ್ಲೇಟಿನಲ್ಲಿ ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ ಬಿರುಕಾಗಿ ತೋರಬಹುದು. ಅಷ್ಟರಲ್ಲಿ ಬೀಮು ಲಾರಿ ಹತ್ತಿರುತ್ತದೆ. ಓವನ್ನಿಗೆ ಹಾಕುವ ಹಣವನ್ನು ಉಳಿಸಬೇಡಿರೆಂದು ತಮ್ಮಲ್ಲಿ ಒತ್ತಿ ಕೇಳುವುದು ಇದಕ್ಕಾಗಿಯೇ.

ಪ್ರಶ್ನೆ: ಗದಗಿನಲ್ಲಿ ನೀರಿನ ಪೈಪುಗಳನ್ನು ಮಾಡುತ್ತೇವೆ. ಗಿರಾಕಿಯ ದಾಖಲೆಯಲ್ಲಿ ‘ಎಫ್7ಎ2-ಇಎಂ12ಕೆ’ ಎಂದಿದೆ. ನಮ್ಮಲ್ಲಿ ಇಎಲ್8 ಎಂಬ ಬೆಸುಗೆ ವೈರಿನ ದಾಸ್ತಾನು ಸಾಕಷ್ಟಿದೆ. ಫ್ಲಕ್ಸ್ ಅದನ್ನೇ ಇಟ್ಟುಕೊಂಡು ವೈರ್ ಮಾತ್ರ ಬದಲಿಸಬಹುದೇ?

ಉತ್ತರ: ಬದಲಿಸಬಾರದು. ಆ ಗುರುತನ್ನು ಬಿಡಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ (ಎಡಬ್ಲ್ಯುಎಸ್) ಎ5.17 ಮಾನದಂಡದ ಪ್ರಕಾರ ‘ಎಫ್’ ಎಂದರೆ ಫ್ಲಕ್ಸ್. 7 ಎಂದರೆ ಬೆಸುಗೆಯ ಲೋಹಕ್ಕೆ ಕನಿಷ್ಠ 70,000 ಪಿಎಸ್‌ಐ, ಅಂದರೆ ಸುಮಾರು 480 ಮೆಗಾಪಾಸ್ಕಲ್ ಕರ್ಷಕ ಬಲ (ಎಳೆತ ತಾಳುವ ಶಕ್ತಿ). ‘ಎ’ ಎಂದರೆ ಬೆಸುಗೆಯ ನಂತರ ಶಾಖೋಪಚಾರ ಮಾಡದ ಸ್ಥಿತಿ. 2 ಎಂದರೆ ಮೈನಸ್ 29 ಡಿಗ್ರಿಯಲ್ಲಿ 27 ಜೂಲ್ ಪೆಟ್ಟು ತಾಳುವ ಗುಣ. ಗದಗಿನಲ್ಲಿ ಅಂಥ ಚಳಿ ಎಲ್ಲಿದೆ ಎಂದು ಕೇಳಬಹುದು. ಆ ಉಷ್ಣತೆ ಲೋಹದ ಜಿಗುಟುತನವನ್ನು ಅಳೆಯುವ ಕೋಲು, ಊರಿನ ಹವೆಗೂ ಅದಕ್ಕೂ ಸಂಬಂಧ ಕಡಿಮೆ. ಕೊನೆಯದು ವೈರಿನ ಹೆಸರು, ಮತ್ತು ಇಡೀ ಗುರುತು ಅನ್ವಯಿಸುವುದು ಫ್ಲಕ್ಸ್-ವೈರ್ ಜೋಡಿಗೆ.

ಇಎಂ12ಕೆ ವೈರಿನಲ್ಲಿ ಮ್ಯಾಂಗನೀಸ್ ಶೇಕಡಾ 0.80ರಿಂದ 1.25ರವರೆಗೆ ಇರುತ್ತದೆ, ಇಎಲ್8ರಲ್ಲಿ 0.25ರಿಂದ 0.60 ಮಾತ್ರ, ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಇಎಲ್8 ವೈರಿಗೆ ಮ್ಯಾಂಗನೀಸ್, ಸಿಲಿಕಾನ್ ಕೊಡಬಲ್ಲ ಆಕ್ಟಿವ್ ಫ್ಲಕ್ಸ್ ಬೇಕಾಗುತ್ತದೆ. ತಮ್ಮ ಫ್ಲಕ್ಸ್ ನ್ಯೂಟ್ರಲ್ (ಇವನ್ನು ಲೋಹಕ್ಕೆ ಹೆಚ್ಚಾಗಿ ಸೇರಿಸದ ಬಗೆ) ಆಗಿದ್ದರೆ ಇಎಲ್8 ಹಾಕಿದಾಗ ಬಲವೂ ಜಿಗುಟುತನವೂ ಕುಗ್ಗುತ್ತವೆ. ತಿರುಗಾಮುರುಗಾ ಮಾಡಿ, ಆಕ್ಟಿವ್ ಫ್ಲಕ್ಸಿನ ಜೊತೆ ಇಎಂ12ಕೆ ಹಾಕಿ ಪಾಸಿನ ಮೇಲೆ ಪಾಸು (ಬೆಸುಗೆಯ ಪದರದ ಮೇಲೆ ಪದರ) ಕೂರಿಸಿದರೆ ಮ್ಯಾಂಗನೀಸ್ ಏರುತ್ತ ಹೋಗಿ ಲೋಹ ಗಡಸಾಗುತ್ತದೆ. ವೋಲ್ಟೇಜ್ ಏರಿಸಿದಷ್ಟೂ ಹೆಚ್ಚು ಫ್ಲಕ್ಸ್ ಕರಗುವುದರಿಂದ ಈ ತೊಂದರೆ ಇನ್ನೂ ಬೆಳೆಯುತ್ತದೆ. ದಾಸ್ತಾನಿನ ಇಎಲ್8 ವೈರನ್ನು ಬಳಸಲೇಬೇಕಿದ್ದರೆ ಅದಕ್ಕೊಪ್ಪುವ ಫ್ಲಕ್ಸ್ ತರಿಸಿ, ಪರೀಕ್ಷಾ ತುಂಡು ಬೆಸೆದು, ಫಲಿತಾಂಶಕ್ಕೆ ಗಿರಾಕಿಯ ಲಿಖಿತ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ತೆಗೆದ ಸ್ಲ್ಯಾಗನ್ನು ಪುಡಿಮಾಡಿ ಮತ್ತೆ ಹಾಪರಿಗೆ ಹಾಕಬಹುದೇ? (ಹಾವೇರಿಯ ಓದುಗರು)

ಉತ್ತರ: ಬೇಡ. ಒಮ್ಮೆ ಕರಗಿದ ಫ್ಲಕ್ಸಿನಲ್ಲಿ ಆಮ್ಲಜನಕವನ್ನು ಹೀರುವ ಅಂಶಗಳು ತೀರಿಹೋಗಿರುತ್ತವೆ, ರಾಸಾಯನಿಕ ಸಂಯೋಜನೆಯೂ ಬದಲಾಗಿರುತ್ತದೆ. ಸಂಸ್ಕರಿಸಿ, ಹೊಸದಾಗಿ ಪರೀಕ್ಷಿಸಿ ಪ್ರಮಾಣೀಕರಿಸಿದ ಸ್ಲ್ಯಾಗ್ ಪುಡಿಯ ಮಾತು ಬೇರೆ. ಅದು ಶೆಡ್ಡಿನಲ್ಲಿ ಆಗುವ ಕೆಲಸವಲ್ಲ. ಕರಗದೆ ಉಳಿದ ಫ್ಲಕ್ಸನ್ನು ಮಾತ್ರ ಜರಡಿ ಹಿಡಿದು, ಸ್ಲ್ಯಾಗಿನ ಚೂರು ಮತ್ತು ನುಣುಪು ಪುಡಿ ತೆಗೆದು, ಅಯಸ್ಕಾಂತ ಆಡಿಸಿ ಮಿಲ್ ಸ್ಕೇಲಿನ ಕಣಗಳನ್ನು ಬೇರ್ಪಡಿಸಿ, ಹೊಸ ಫ್ಲಕ್ಸಿನ ಜೊತೆ ಬೆರೆಸಿ ಬಳಸಿ. ನೆಲಕ್ಕೆ ಚೆಲ್ಲಿ ಮಣ್ಣು, ಎಣ್ಣೆ ಹತ್ತಿದ್ದನ್ನು ಎಸೆಯಿರಿ. ಸಂಜೆ ಕೆಲಸ ಮುಗಿದಾಗ ಹಾಪರಿನಲ್ಲಿ ಉಳಿದಿದ್ದನ್ನು ಅಲ್ಲಿಯೇ ಬಿಡದೆ ಓವನ್ನಿಗೆ ಹಿಂತಿರುಗಿಸಿ.