ದೇವರು ಸ್ಥಾನಮಾನ ನೋಡಿ ಮಣೆ ಹಾಕುತ್ತಾನೆಯೇ?

ಹಣ, ಅಧಿಕಾರ ಇದ್ದವರ ಮೇಲೆ ದೇವರಿಗೂ ಪ್ರೀತಿ ಜಾಸ್ತಿಯೇ, ಬೈಬಲ್ ಏನು ಹೇಳುತ್ತದೆ ಎಂದು ಕೇಳಿದ್ದೀರಿ. ಖಂಡಿತ ಇಲ್ಲ ಎನ್ನುತ್ತದೆ.

ಬೈಬಲ್‌ನಲ್ಲಿರುವ ಯಾಕೋಬನ ಪತ್ರಿಕೆಯ (ಅಂದರೆ ಅವನು ಬರೆದ ಪತ್ರದ) 2ನೇ ಅಧ್ಯಾಯ ಓದಿ. ಸಭೆಗೆ ಇಬ್ಬರು ಬರುತ್ತಾರೆ. ಒಬ್ಬನ ಬೆರಳಲ್ಲಿ ಚಿನ್ನದ ಉಂಗುರ, ಮೈಮೇಲೆ ಬೆಲೆಬಾಳುವ ಬಟ್ಟೆ. ಇನ್ನೊಬ್ಬನದು ಕೊಳೆಯಾದ ಬಟ್ಟೆ. ಉಂಗುರದವನನ್ನು ಒಳ್ಳೆಯ ಜಾಗದಲ್ಲಿ ಕೂರಿಸಿ, ಬಡವನಿಗೆ ‘ಅಲ್ಲೇ ನಿಂತಿರು, ಇಲ್ಲಾ ನನ್ನ ಕಾಲ ಬಳಿ ಕೂತ್ಕೋ’ ಅಂದರೆ? ಯಾಕೋಬ ಅದನ್ನು ಸುಮ್ನೆ ಒರಟುತನ ಎನ್ನುವುದಿಲ್ಲ. ಪಾಪ ಎಂದೇ ಕರೆಯುತ್ತಾನೆ. ನನ್ನನ್ನು ತುಂಬಾ ತಟ್ಟುವ ಭಾಗ ಇದು.

ದಾಸನಿಗೂ ಯಜಮಾನನಿಗೂ ಪರಲೋಕದಲ್ಲಿ ಒಬ್ಬನೇ ಒಡೆಯ, ಆತನಲ್ಲಿ ಪಕ್ಷಪಾತವಿಲ್ಲ ಎಂದು ಎಫೆಸದವರಿಗೆ ಬರೆದ ಪತ್ರಿಕೆಯೂ ಹೇಳುತ್ತದೆ (6:9).

ಹಾಗಂತ, ಬಡವನೆಂಬ ಒಂದೇ ಕಾರಣಕ್ಕೆ ತೀರ್ಪು ಅವನ ಕಡೆ ವಾಲುವಂತಿಲ್ಲ. ಬೈಬಲ್‌ನ ಇನ್ನೊಂದು ಪುಸ್ತಕವಾದ ಯಾಜಕಕಾಂಡದ 19:15, ಬಡವನ ಪಕ್ಷ ವಹಿಸುವುದು, ದೊಡ್ಡವರ ಮುಖ ನೋಡಿ ತೀರ್ಪು ಕೊಡುವುದು ಎರಡನ್ನೂ ಒಟ್ಟಿಗೇ ತಡೆಯುತ್ತದೆ.