ಓದುಗರ ಪ್ರಶ್ನೆ: ಮೆದುಳಿನ ಸ್ಕ್ಯಾನ್‌ನಲ್ಲಿ ಡಿಸ್ಲೆಕ್ಸಿಯಾ ಕಾಣುತ್ತಾ?

ಪ್ರಶ್ನೆ: ನನಗೆ 34 ವರ್ಷ. ಶಾಲೆಯಲ್ಲಿದ್ದಾಗಿನಿಂದ ಓದು ನಿಧಾನ. ಆಫೀಸಿನಲ್ಲಿ ಒಂದು ಪುಟದ ರಿಪೋರ್ಟ್ ಕೊಟ್ಟರೆ ಪಕ್ಕದವರು ಮುಗಿಸಿ ಎದ್ದು ಹೋಗಿರುತ್ತಾರೆ, ನಾನಿನ್ನೂ ಅರ್ಧದಲ್ಲೇ ಇರುತ್ತೇನೆ. ಮೀಟಿಂಗ್‌ನಲ್ಲಿ ಜೋರಾಗಿ ಓದಿ ಅಂದರೆ ಕೈ ಬೆವರುತ್ತದೆ. ಇದು ಡಿಸ್ಲೆಕ್ಸಿಯಾ, ಅಂದರೆ ಜಾಣರಿಗೂ ಓದು ಕಷ್ಟವಾಗುವ ತೊಂದರೆ, ಇರಬಹುದು ಅಂತ ಗೆಳತಿ ಹೇಳಿದಳು. ಎಂಆರ್‌ಐ ಮಾಡಿಸಿದರೆ ಖಚಿತವಾಗಿ ಗೊತ್ತಾಗುತ್ತಾ?

ಉತ್ತರ: ಇಲ್ಲ, ಗೊತ್ತಾಗುವುದಿಲ್ಲ. ಅದಕ್ಕೋಸ್ಕರ ಸ್ಕ್ಯಾನ್ ಮಾಡಿಸಬೇಡಿ.

ಆಸ್ಪತ್ರೆಯಲ್ಲಿ ಮಾಡುವ ಮಾಮೂಲಿ ಎಂಆರ್‌ಐ ಮೆದುಳಿನ ಆಕಾರ ತೋರಿಸುತ್ತದೆ. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು ಇದ್ದರೆ ವೈದ್ಯರಿಗೆ ಕಾಣುತ್ತದೆ. ಡಿಸ್ಲೆಕ್ಸಿಯಾ ಇರುವವರ ಮೆದುಳು ಅದರಲ್ಲಿ ಉಳಿದವರ ಮೆದುಳಿನ ಹಾಗೆಯೇ ಕಾಣುತ್ತದೆ. ರಿಪೋರ್ಟಿನಲ್ಲಿ 'ನಾರ್ಮಲ್' ಅಂತ ಬರುತ್ತದೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ನೀವು 'ಹಾಗಾದರೆ ನಾನೇ ಸೋಮಾರಿ' ಅಂದುಕೊಂಡು ಮನೆಗೆ ಹೋಗುತ್ತೀರಿ ಅನ್ನುವುದೇ ನನ್ನ ಭಯ.

ಸಂಶೋಧಕರು ಬಳಸುವುದು ಬೇರೆ ಥರದ ಸ್ಕ್ಯಾನ್, ಎಫ್‌ಎಂಆರ್‌ಐ. ಓದುವಾಗ ಮೆದುಳಿನ ಯಾವ ಭಾಗ ಜಾಸ್ತಿ ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ, ಯಂತ್ರ ಆ ವ್ಯತ್ಯಾಸ ಹಿಡಿಯುತ್ತದೆ. ಆದರೆ ಪತ್ರಿಕೆಗಳಲ್ಲಿ ಕೆಂಪು, ಹಳದಿ ಬಣ್ಣ ತುಂಬಿದ ಮೆದುಳಿನ ಚಿತ್ರ ನೋಡಿರುತ್ತೀರಲ್ಲ, ಅದು ಸಾಮಾನ್ಯವಾಗಿ ಒಬ್ಬರ ಫೋಟೋ ಅಲ್ಲ. ಹತ್ತಾರು ಜನರ ಅಳತೆ ಸೇರಿಸಿ, ಇನ್ನೊಂದು ಗುಂಪಿನ ಜೊತೆ ಹೋಲಿಸಿ ಕಂಪ್ಯೂಟರ್ ಬಣ್ಣ ಹಚ್ಚಿದ ಲೆಕ್ಕ. 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಯಾಲಿ ಶೇವಿಟ್ಜ್ ತಂಡ ಡಿಸ್ಲೆಕ್ಸಿಯಾ ಇರುವ 29 ವಯಸ್ಕರನ್ನು, ಇಲ್ಲದ 32 ವಯಸ್ಕರನ್ನು ಹೀಗೆ ಹೋಲಿಸಿತು. ಮೊದಲ ಗುಂಪಿನಲ್ಲಿ ಮೆದುಳಿನ ಹಿಂಭಾಗದ ಕೆಲಸ ಕಡಿಮೆ ಇತ್ತು, ಮುಂಭಾಗದಲ್ಲಿ ಜಾಸ್ತಿ ಇತ್ತು. ಆದರೆ ಇದು ಗುಂಪಿನ ಮಾತು. ಗಂಡಸರ ಸರಾಸರಿ ಎತ್ತರ ಹೆಂಗಸರಿಗಿಂತ ಜಾಸ್ತಿ, ಹಾಗಂತ ಒಬ್ಬರ ಎತ್ತರ ಮಾತ್ರ ಹೇಳಿದರೆ ಅವರು ಗಂಡೋ ಹೆಣ್ಣೋ ಅಂತ ಹೇಳಲಾದೀತೇ? ಇಲ್ಲಿಯೂ ಅಷ್ಟೇ.

ನಿಮಗೆ ಬೇಕಿರುವುದು ಓದಿನ ಪರೀಕ್ಷೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಕಲಿಕೆಯ ತೊಂದರೆಗಳಲ್ಲಿ ಪರಿಣತಿ ಇರುವವರು ಬಿಡಿ ಪದಗಳನ್ನು ಓದಿಸುತ್ತಾರೆ. ಆಮೇಲೆ ಅರ್ಥವೇ ಇಲ್ಲದ 'ಗಮಿಟು', 'ಲೊರಪೆ' ಥರದ ಪದಗಳನ್ನು ಗಡಿಯಾರ ಇಟ್ಟುಕೊಂಡು ಓದಿಸುತ್ತಾರೆ. ಈ ಎರಡನೆಯದೇ ಮುಖ್ಯ. ಬುದ್ಧಿವಂತ ವಯಸ್ಕರು ಗೊತ್ತಿರುವ ಪದವನ್ನು ನೋಡಿದ ನೆನಪಿನಿಂದಲೋ ಸಂದರ್ಭದಿಂದಲೋ ಊಹಿಸಿಬಿಡುತ್ತಾರೆ, 'ಗಮಿಟು' ಬಂದಾಗ ಊಹೆ ನಡೆಯುವುದಿಲ್ಲ, ಅಕ್ಷರಕ್ಕೆ ಅಕ್ಷರ ಸದ್ದು ಜೋಡಿಸಲೇಬೇಕು. ಜೊತೆಗೆ ಉಕ್ತಲೇಖನ, ಬಣ್ಣ ಅಥವಾ ಚಿತ್ರಗಳ ಹೆಸರನ್ನು ಸರಸರನೆ ಹೇಳುವುದು, ನಿಮ್ಮ ಶಾಲೆಯ ದಿನಗಳ ವಿವರ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಅನ್ನುವುದು, ಎಲ್ಲ ಕೇಳುತ್ತಾರೆ. ನೀವು ಚೆನ್ನಾಗಿ ಬಲ್ಲ, ಶಾಲೆಯಲ್ಲಿ ಓದಿದ ಭಾಷೆಯಲ್ಲೇ ಪರೀಕ್ಷೆ ಕೇಳಿ. ಸ್ಕ್ಯಾನ್ ನೋಡಿ ಡಿಸ್ಲೆಕ್ಸಿಯಾ ಹೇಳುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಖಂಡಿತ ಕೊಡಬೇಡಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಇಷ್ಟು ವರ್ಷ ಸರಾಗವಾಗಿ ಓದುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಓದಲು ಬಾರದೆ ಹೋದರೆ ಅದು ಡಿಸ್ಲೆಕ್ಸಿಯಾ ಅಂತ ಸುಮ್ನೆ ಕೂರಬಾರದು. ಪಾರ್ಶ್ವವಾಯು ಇರಬಹುದು. ಆಗ ತಕ್ಷಣ ಆಸ್ಪತ್ರೆಗೆ ಓಡಬೇಕು, ಆಗ ಸ್ಕ್ಯಾನ್ ಬೇಕೇ ಬೇಕು.

ಪ್ರಶ್ನೆ: ಮೆದುಳಿನ ಸ್ಕ್ಯಾನ್ ಮಾಡುವ ಒಂದು ಸಂಶೋಧನೆಗೆ ಡಿಸ್ಲೆಕ್ಸಿಯಾ ಇರುವ ವಯಸ್ಕರು ಬೇಕು ಅಂತ ಕರೆದಿದ್ದಾರೆ. ಒಳಗೆ ಏನು ಮಾಡುತ್ತಾರೆ? ಅಪಾಯ ಇದೆಯಾ?

ಉತ್ತರ: ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲ, ಅಯಸ್ಕಾಂತ ಇದೆ. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಮೈಯಲ್ಲಿ ಲೋಹದ ಚೂರು ಇದ್ದರೆ ಮೊದಲೇ ಹೇಳಿ, ಏನನ್ನೂ ಮುಚ್ಚಿಡಬೇಡಿ. ಪಿಇಟಿ ಅನ್ನುವ ಇನ್ನೊಂದು ಥರದ ಸ್ಕ್ಯಾನ್ ಅಂತ ಹೇಳಿದ್ದರೆ ಮಾತ್ರ ಸ್ವಲ್ಪ ವಿಕಿರಣ ಇರುವ ದ್ರವ ರಕ್ತನಾಳಕ್ಕೆ ಕೊಡುತ್ತಾರೆ, ಅದರ ಬಗ್ಗೆ ಕೇಳಿಕೊಂಡು ಒಪ್ಪಿ.

ಇಕ್ಕಟ್ಟಾದ ಕೊಳವೆಯೊಳಗೆ ಅಂಗಾತ ಮಲಗಿಸುತ್ತಾರೆ. ತಲೆಯ ಸುತ್ತ ಚೌಕಟ್ಟು, ಕಣ್ಣ ಮೇಲೆ ಸಣ್ಣ ಕನ್ನಡಿ, ಅದರಲ್ಲಿ ಪರದೆ ಕಾಣುತ್ತದೆ. ಕೈಗೆ ಒಂದು ಗುಂಡಿ. ಎರಡು ಪದ ಬರುತ್ತವೆ, ಪ್ರಾಸ ಕೂಡಿದರೆ ಒತ್ತಬೇಕು. ನಡುನಡುವೆ ಬರೀ ಗೆರೆಗಳನ್ನು ಹೋಲಿಸಲು ಕೊಡುತ್ತಾರೆ, ಯಾಕೆಂದರೆ ಕಣ್ಣು ಮಾಡುವ ಕೆಲಸವನ್ನು ಕಳೆದು ಓದುವ ಕೆಲಸ ಎಷ್ಟು ಅಂತ ನೋಡಬೇಕು. ಸದ್ದು ತುಂಬಾ ಜೋರು, ಕಿವಿಗೆ ರಕ್ಷಣೆ ಕೊಡದೆ ಶುರು ಮಾಡಬಾರದು. ತಲೆ ಕೆಲವೇ ಮಿಲಿಮೀಟರ್ ಅಲುಗಿದರೂ ಚಿತ್ರ ಕೆಡುತ್ತದೆ. ಭಯವಾದರೆ ಹೊರಗೆ ಬರಲು ಕೇಳುವುದು ನಿಮ್ಮ ಹಕ್ಕು. ಹೋಗಿ ಅಂತಲೇ ಹೇಳುತ್ತೇನೆ, ನಿಮ್ಮಂಥವರು ಹೋಗಿ ಮಲಗಿದ್ದರಿಂದಲೇ ಇಷ್ಟೆಲ್ಲ ಗೊತ್ತಾಗಿದೆ.

ಪ್ರಶ್ನೆ: ಒಬ್ಬರಿಗೆ ಕಾಯಿಲೆ ಅಂತ ಹೇಳಲೂ ಆಗದ ಸ್ಕ್ಯಾನ್‌ನಿಂದ ಉಪಯೋಗ ಏನು? ಅದೂ ದೊಡ್ಡವರ ಮೇಲೆ?

ಉತ್ತರ: ಕಾಯಿಲೆ ಅನ್ನುವ ಪದ ಬೇಡ. ಪ್ರಶ್ನೆ ಮಾತ್ರ ಒಳ್ಳೆಯದು.

ಡಿಸ್ಲೆಕ್ಸಿಯಾ ಅಂದರೆ ಅಕ್ಷರಗಳು ತಿರುಗಾಮುರುಗಾ ಕಾಣುವುದು ಅಂತ ಜನ ಇವತ್ತಿಗೂ ನಂಬಿದ್ದಾರೆ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಜಾಣ ಹುಡುಗನೊಬ್ಬ ಓದಲಾರದ್ದನ್ನು ಬರೆದಾಗ ಅದಕ್ಕೆ 'ಪದಗಳ ಕುರುಡು' ಅನ್ನುವ ಅರ್ಥದ ಹೆಸರಿತ್ತು. ಆದರೆ ತೊಂದರೆಯ ಬೇರು ಹೆಚ್ಚಿನವರಲ್ಲಿ ಕಣ್ಣಿನಲ್ಲಿಲ್ಲ, ಮಾತಿನ ಸದ್ದುಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವಲ್ಲಿದೆ. ಸ್ಕ್ಯಾನ್‌ಗಳಲ್ಲಿ ಮತ್ತೆ ಮತ್ತೆ ಕಡಿಮೆ ಕೆಲಸ ಕಾಣಿಸಿದ್ದೂ ಎಡಗಿವಿಯ ಮೇಲೆ ಸ್ವಲ್ಪ ಹಿಂದಕ್ಕಿರುವ ಭಾಗದಲ್ಲಿ ಮತ್ತು ಎಡಗಡೆಯೇ ಹಿಂಬದಿಯ ತಳದಲ್ಲಿ, ನೋಡಿದ ಕೂಡಲೇ ಪದ ಗುರುತು ಹಿಡಿಯುವ ಭಾಗದಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು 2013ರ ಒಂದು ಅಧ್ಯಯನ. ಬೆಲ್ಜಿಯಂನ ಬಾರ್ಟ್ ಬೂಟ್ಸ್ ಮತ್ತು ಸಂಗಡಿಗರು 23 ಡಿಸ್ಲೆಕ್ಸಿಯಾ ಇರುವ ವಯಸ್ಕರಿಗೂ 22 ಇಲ್ಲದವರಿಗೂ ಸ್ಕ್ಯಾನರಿನೊಳಗೆ ಮಾತಿನ ಸಣ್ಣ ಸಣ್ಣ ಸದ್ದು ಕೇಳಿಸಿದರು. ಮೆದುಳಿನಲ್ಲಿ ಆ ಸದ್ದುಗಳ ಅಚ್ಚು ಮಸುಕಾಗಿರಬೇಕು ಅನ್ನುವುದು ಒಂದು ಹಳೆಯ ವಾದ. ಮಸುಕಾಗಿರಲಿಲ್ಲ. ಇಬ್ಬರಲ್ಲೂ ಅಷ್ಟೇ ಸ್ಪಷ್ಟವಾಗಿತ್ತು. ಸದ್ದು ಇಟ್ಟಿರುವ ಭಾಗಕ್ಕೂ ಎಡ ಹಣೆಯ ಹಿಂದಿರುವ, ಮಾತಾಡಲು ನೆರವಾಗುವ ಬ್ರೋಕಾ ಎಂಬ ಭಾಗಕ್ಕೂ ನಡುವಿನ ಸಂಪರ್ಕ ಮಾತ್ರ ಡಿಸ್ಲೆಕ್ಸಿಯಾ ಇರುವವರಲ್ಲಿ ದುರ್ಬಲವಾಗಿತ್ತು. ಅಂದರೆ ಸದ್ದು ಅಲ್ಲೇ ಇದೆ, ಬೇಕೆಂದಾಗ ಬೇಗ ಕೈಗೆ ಸಿಗುವುದಿಲ್ಲ. ದಡ್ಡ ಅಂತ ಬೈಸಿಕೊಂಡು ಬೆಳೆದ ಎಷ್ಟು ಜನಕ್ಕೆ ಇದನ್ನು ಓದಿ ಹೇಳಬೇಕು ಅನ್ನಿಸುತ್ತದೆ ನನಗೆ.

ಭಾಷೆ ಬದಲಾದರೆ? 2001ರಲ್ಲಿ ಇಟಲಿಯ ಎರಾಲ್ಡೊ ಪೌಲೆಸು ತಂಡ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಓದುವ ಕಾಲೇಜು ವಿದ್ಯಾರ್ಥಿಗಳನ್ನು ಪಿಇಟಿಯಲ್ಲಿ ನೋಡಿತು. ಇಟಾಲಿಯನ್‌ನಲ್ಲಿ ಬರೆದ ಹಾಗೆಯೇ ಓದಬಹುದು, ಆದ್ದರಿಂದ ಆ ಗುಂಪಿನ ಡಿಸ್ಲೆಕ್ಸಿಯಾ ಇರುವವರು ಉಳಿದೆರಡು ಗುಂಪಿನವರಿಗಿಂತ ಚೆನ್ನಾಗಿ ಓದಿದರು. ಆದರೆ ಮೆದುಳಿನ ಎಡಗಡೆಯ ಒಂದೇ ಭಾಗ ಮೂರೂ ಗುಂಪಿನಲ್ಲಿ ಮಂದವಾಗಿತ್ತು. ಹಾಗಾಗಿ ಸುಲಭ ಲಿಪಿಯ ಭಾಷೆಯಲ್ಲಿ ಡಿಸ್ಲೆಕ್ಸಿಯಾ ಇಲ್ಲ ಅನ್ನುವುದು ತಪ್ಪು, ಅಲ್ಲಿ ಅದು ತಪ್ಪು ಓದಿಗಿಂತ ನಿಧಾನದ ಓದಾಗಿ ಕಾಣುತ್ತದೆ ಅಷ್ಟೇ.

ದೊಡ್ಡವರನ್ನು ನೋಡುವುದರಲ್ಲಿ ಒಂದು ತೊಡಕೂ ಇದೆ. ಕಷ್ಟ ಅಂತ ಇಪ್ಪತ್ತು ವರ್ಷ ಕಡಿಮೆ ಓದಿದವರ ಮೆದುಳು, ಓದಿನ ಕೊರತೆಯಿಂದಲೇ ಬೇರೆಯಾಗಿರಬಹುದಲ್ವಾ? ಈ ಗುಮಾನಿ ಸುಮ್ನೆ ಅಲ್ಲ. 2014ರಲ್ಲಿ ಅಮೆರಿಕದ ಗಿನೆವ್ರಾ ಈಡನ್ ಅವರ ತಂಡ ಡಿಸ್ಲೆಕ್ಸಿಯಾ ಇರುವ ಮಕ್ಕಳನ್ನು ಅವರಷ್ಟೇ ಓದಬಲ್ಲ ಚಿಕ್ಕ ಮಕ್ಕಳ ಜೊತೆ ಹೋಲಿಸಿದಾಗ, ಮೆದುಳಿನ ಬೂದು ಭಾಗದಲ್ಲಿ, ಅಂದರೆ ನರಕೋಶಗಳು ತುಂಬಿರುವ ಭಾಗದಲ್ಲಿ, ಕಂಡಿದ್ದ ವ್ಯತ್ಯಾಸಗಳು ಬಹುಪಾಲು ಮಾಯವಾದವು. ಹಾಗಾಗಿ 'ಮೆದುಳೇ ಹೀಗಿದೆ, ಅದಕ್ಕೇ ಓದು ಬರಲ್ಲ' ಅಂತ ಒಂದೇ ಚಿತ್ರ ತೋರಿಸಿ ಹೇಳುವವರನ್ನು ನಂಬಬೇಡಿ.

ಪ್ರಶ್ನೆ: ನನ್ನ ತಮ್ಮನಿಗೆ 41. ಈ ವಯಸ್ಸಿನಲ್ಲಿ ಇನ್ನು ಸುಧಾರಿಸುತ್ತಾ?

ಉತ್ತರ: ಸುಧಾರಿಸುತ್ತದೆ. ಮೇಲೆ ಹೇಳಿದ ಈಡನ್ ಅವರೇ 2004ರಲ್ಲಿ ವಯಸ್ಕರಿಗೆ 8 ವಾರ ಸದ್ದು ಮತ್ತು ಅಕ್ಷರ ಜೋಡಿಸುವ ತರಬೇತಿ ಕೊಡಿಸಿ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಸ್ಕ್ಯಾನ್ ಮಾಡಿದರು. ಓದು ಸುಧಾರಿಸಿತ್ತು, ಎಡಗಡೆಯ ಭಾಗಗಳ ಕೆಲಸ ಹೆಚ್ಚಿತ್ತು, ಬಲಗಡೆಯೂ ಕೆಲವು ಭಾಗಗಳು ಜೊತೆಗೂಡಿದ್ದವು. ಚಿಕ್ಕ ಅಧ್ಯಯನ, ಡಿಸ್ಲೆಕ್ಸಿಯಾ ಇರುವವರು ಇಪ್ಪತ್ತಕ್ಕಿಂತ ಕಡಿಮೆ, ಆದರೂ ವಯಸ್ಸಾದ ಮೇಲೆ ಬದಲಾಗಲ್ಲ ಅನ್ನುವ ಮಾತಿಗೆ ಅಷ್ಟು ಸಾಕು. ವೇಗ ಪೂರ್ತಿ ಬಾರದೆ ಹೋಗಬಹುದು, ಅದನ್ನು ತಮ್ಮನಿಗೆ ಮೊದಲೇ ಹೇಳಿ.

ತರಬೇತಿ ಕಲಿಸುವವರು ಸಿಗುವವರೆಗೆ ಕಾಯಬೇಕಿಲ್ಲ. ಫೋನಿನಲ್ಲಿ ಬರಹವನ್ನು ಓದಿ ಹೇಳುವ ಸೌಲಭ್ಯ ಇದೆ, ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದೂ ಇದೆ. ಕೆಲಸದಲ್ಲಿ ಓದಬೇಕಾದ ಕಾಗದವನ್ನು ಹಿಂದಿನ ದಿನವೇ ಕೊಡಿ ಅಂತ ಕೇಳಲಿ. ಪರೀಕ್ಷೆ ಬರೆಯುವುದಿದ್ದರೆ ಹೆಚ್ಚಿನ ಸಮಯಕ್ಕೆ ಅರ್ಜಿ ಹಾಕಲಿ, ಅದಕ್ಕೂ ಆಧಾರವಾಗುವುದು ಓದಿನ ಪರೀಕ್ಷೆಯ ವರದಿ, ಸ್ಕ್ಯಾನ್ ಅಲ್ಲ.